ತಟ್ಟೆಯಿಲ್ಲದವರು

“ಏಯ್ ಮುದಿ ಗೂಬೆ, ಆ ಸೀಕು ನಿಮ್ಮಪ್ಪನ ಮನೇದಾ? ಬೀದಿನಾಯಿಗೆ ಎಸ್ದಂಗೆ ಹಂಚ್ತಾ ಕೂತಿದ್ದೀಯಲ್ಲ!”

ನಾನು ಹಂಡೆಯೊಳಗೆ ಅರ್ಧ ಮೈ ತೂರಿಸಿಕೊಂಡು, ತಳ ಹಿಡಿದ ಮುದ್ದೆಯ ಸೀಕನ್ನು ಕೆರೆಯುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ದೊಡ್ಡ ಮೇಷ್ಟ್ರು ಬಲಿಕೋವ ಅಡುಗೆಮನೆಯ ಬಾಗಿಲು ತುಂಬಿ ನಿಂತಿದ್ದರು. ಹಿಂದಿನ ಕಿಟಕಿಯಲ್ಲಿ ಚಾಚಿಕೊಂಡಿದ್ದ ಏಳೆಂಟು ಕೈಗಳು ಪಟ್ಟನೆ ಮಾಯವಾದವು.

“ಓಡಿದ್ರೆ ಕಾಲು ಮುರೀತೀನಿ. ಬರ್ರಿ ಒಳಕ್ಕೆ, ಎಲ್ಲಾ ಬರ್ರಿ.”

ಮಕ್ಕಳು ಸಾಲಾಗಿ ಬಂದರು. ಮಕ್ಕಳು ಅನ್ನುತ್ತೇನೆ, ಎಲ್ಲ ಹದಿನಾಲ್ಕು ಹದಿನೈದರವು. ಮೂಳೆ ಬೆಳೆಯುತ್ತಿತ್ತು, ಅದರ ಮೇಲೆ ಮಾಂಸ ಹತ್ತುತ್ತಿರಲಿಲ್ಲ, ಅಷ್ಟೆ. ಅಂಗೈಗಳಲ್ಲಿ ಕಂದು ಬಣ್ಣದ ಸೀಕಿನ ಚೂರುಗಳು ಇನ್ನೂ ಹಬೆಯಾಡುತ್ತಿದ್ದವು.

“ಹಾಕ್ರಿ ಬಕೀಟಿಗೆ.”

ಒಬ್ಬೊಬ್ಬರೇ ಹಾಕಿದರು. ಬೆರಳಿಗೆ ಅಂಟಿದ್ದನ್ನು ನೆಕ್ಕಲು ಹೋದವನಿಗೆ ಕಪಾಳಕ್ಕೆ ಬಿತ್ತು. ಕೊನೆಯವಳು ಮಿರೆಂಬೆ. ಅವಳ ಕೈ ಖಾಲಿ. ತುಟಿ ಬಿಗಿದಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

“ಉಗಿ.”

ಅವಳ ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು.

“ನುಂಗ್ದೇನೆ?”

“ನುಂಗ್ದೆ ಮೇಷ್ಟ್ರೇ.”

“ನಾಚ್ಕೆ ಆಗಲ್ವೇನೆ, ಹಂದಿಗೆ ಅಂತ ಇಟ್ಟಿದ್ದನ್ನ ತಿನ್ನಕ್ಕೆ?”

“ಬಿಸಿ ಇತ್ತು ಮೇಷ್ಟ್ರೇ. ನಾಚ್ಕೆ ಪಡಕ್ಕೆ ಪುರಸೊತ್ತು ಸಿಗ್ಲಿಲ್ಲ.”

ಯಾರೋ ಕಿಸಕ್ಕೆಂದರು. ಮಿರೆಂಬೆಯ ಅಂಗೈಗೆ ಬೆತ್ತದ ನಾಲ್ಕು ಏಟು ಬಿದ್ದವು. ಅವಳು ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಳು. ಮೇಷ್ಟ್ರು ನನ್ನ ಕಡೆ ತಿರುಗಿದರು.

“ಈ ಸೀಕು ತಿಂದು ನನ್ನ ಹಂದಿಗಳು ವರ್ಷಕ್ಕೆ ಎರಡು ಸಲ ಮರಿ ಹಾಕ್ತವೆ. ಈ ಮುಂಡೇವು ತಿಂದು ಏನ್ ಹಾಕ್ತವೆ? ತಗಂಡೋಗಿ ಸುರಿ. ಇವೂ ನೋಡ್ಲಿ.”

ನಾನು ಬಕೀಟು ಹೊತ್ತು ಹಂದಿಗೂಡಿಗೆ ಹೋದೆ. ಮಕ್ಕಳು ಹಿಂದೆ ಬಂದು ಸಾಲಾಗಿ ನಿಂತು ನೋಡಿದರು. ಹಂದಿಗಳಿಗೆ ಅವಸರವೇನೂ ಇರಲಿಲ್ಲ. ಮೂಸಿ ನೋಡಿ, ನಿಧಾನವಾಗಿ ತಿಂದವು.

ಮಾರನೆಯ ದಿನ ಆಳು ಬಂದು ಕಿಟಕಿಗೆ ಹಲಗೆ ಬಡಿದು ಹೋದ.

*

ನನ್ನ ಹೆಸರು ನೈಗಾಗ. ಈ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಮುದ್ದೆ ತಿರುವಿದ್ದೇನೆ. ಮಕ್ಕಳೆಲ್ಲ ಜಾಜಾ ಅನ್ನುತ್ತಿದ್ದರು, ಅಜ್ಜಿ ಅಂತ. ಗಂಡ ಸತ್ತ ಮೇಲೆ ಮೈದುನ ನನ್ನ ಪಾಲಿನ ಗೆಣಸಿನ ಹೊಲವನ್ನು ಕಬ್ಬಿನವರಿಗೆ ಬರೆದುಕೊಟ್ಟ. ಅಡುಗೆಮನೆಯ ಹಿಂದಿನ ಕೋಣೆಯೇ ನನ್ನ ಮನೆಯಾಯಿತು. ಸಂಬಳ ಬಂದಾಗ ಬಂತು, ಬರದಿದ್ದಾಗ ಹಂಡೆಯಲ್ಲಿ ಮಿಕ್ಕಿದ್ದೇ ಸಂಬಳ.

ನಾನು ಈ ಬುಸೋಗಾ ಸೀಮೆಗೆ ಸೊಸೆಯಾಗಿ ಬಂದಾಗ ಹಿತ್ತಲಿಂದ ಹಳ್ಳದವರೆಗೆ ಗೆಣಸಿನ ದಿಬ್ಬಗಳಿದ್ದವು, ಬಾಳೆಯಿತ್ತು, ರಾಗಿಯಿತ್ತು. ಮಕ್ಕಳು ಅತ್ತರೆ ಕೆಂಡದಲ್ಲಿ ಒಂದು ಗೆಣಸು ಹೂತರೆ ಆಯಿತು. ಈಗ ಬಾಗಿಲು ತೆರೆದರೆ ಕಬ್ಬಿನ ಗರಿ ಮುಖಕ್ಕೆ ಹೊಡೆಯುತ್ತದೆ. ಗೋಡೆಗೆ ತಾಗಿ ಕಬ್ಬು, ಹಿರಿಯರ ಗೋರಿಯ ಮೇಲೆ ಕಬ್ಬು. ಹೊಲ ಕೊಟ್ಟ ಗಂಡಸರು ಕೆಲವರು ಮೋಟಾರ್ ಬೈಕು ತಂದರು, ಕೆಲವರು ಇನ್ನೊಬ್ಬ ಹೆಂಡತಿಯನ್ನು ತಂದರು. ಹೆಂಗಸರು ತಮ್ಮದೇ ಹೊಲದಲ್ಲಿ ಕೂಲಿಗೆ ಕಳೆ ಕೀಳಲು ಹೋದರು. ಮಕ್ಕಳು ಸ್ಕೂಲಿಗೆ ಬರುವಾಗ ಕಬ್ಬಿನ ಟ್ರಾಕ್ಟರಿನ ಹಿಂದೆ ಓಡಿ ಒಂದು ಜಲ್ಲೆ ಎಳೆದುಕೊಂಡು ಅಗಿಯುತ್ತಾ ಬರುತ್ತಿದ್ದರು. ಅದೇ ಬೆಳಗಿನ ಊಟ. ಹದಿನೈದಕ್ಕೇ ದವಡೆ ಹಲ್ಲು ಕಪ್ಪಾಗಿರುತ್ತಿದ್ದವು.

ಸ್ಕೂಲಿನ ಊಟಕ್ಕೆ ಮನೆಯಿಂದ ಮೆಕ್ಕೆಜೋಳ ತಂದುಕೊಡಬೇಕು. ತಂದುಕೊಟ್ಟವರ ತಟ್ಟೆಗಳನ್ನು ಹೆಸರು ಕೆತ್ತಿ ಅಡುಗೆಮನೆಯ ಗೋಡೆಗೆ ಒರಗಿಸಿಡುತ್ತಿದ್ದೆವು. ಜೋಳ ಬೆಳೆಯಲು ನೆಲವಿಲ್ಲದ ಮನೆಯವರಿಗೆ ತಟ್ಟೆಯೂ ಇರುತ್ತಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದರೆ ಅವರು ಮಾವಿನ ಮರದ ಕೆಳಗೆ ಹೋಗಿ ಕೂರಬೇಕು, ಅಡುಗೆಮನೆಯ ಹತ್ತಿರ ಸುಳಿಯುವಂತಿಲ್ಲ ಎಂದು ಮೇಷ್ಟ್ರ ಕಟ್ಟಪ್ಪಣೆ. ಆ ವರ್ಷ ಮರದ ಕೆಳಗೆ ನಲವತ್ತಕ್ಕೂ ಹೆಚ್ಚು ಮಕ್ಕಳು ಕೂರುತ್ತಿದ್ದರು. ಓದುವ ಪುಸ್ತಕ ತೆರೆದುಕೊಂಡಿರುತ್ತಿದ್ದರು. ಯಾರೂ ಹಾಳೆ ತಿರುವುತ್ತಿರಲಿಲ್ಲ.

*

ಮಿರೆಂಬೆ ಸೀನಿಯರ್ ಟೂ, ಅಂದರೆ ಹೈಸ್ಕೂಲಿನ ಎರಡನೆಯ ವರ್ಷದ ಕ್ಲಾಸಿನವಳು. ಅವಳ ಕ್ಲಾಸಿಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಬೀನ್ಸ್ ಕಾಳಿನಲ್ಲಿ ಕುಟ್ಟೆ ಹಿಡಿದದ್ದನ್ನು ಆರಿಸುತ್ತಾ ಕೂತರೆ ಪಾಠ ನನಗೂ ಕೇಳುತ್ತಿತ್ತು. ಆ ಟರ್ಮಿನಲ್ಲಿ ಆಹಾರದ ಪಾಠ ನಡೆಯುತ್ತಿತ್ತು. ಶಕ್ತಿ ಕೊಡುವುದು ಯಾವುದು, ಮೈ ಕಟ್ಟುವುದು ಯಾವುದು, ರೋಗ ತಡೆಯುವುದು ಯಾವುದು ಎಂದು ಸೈನ್ಸ್ ಮೇಷ್ಟ್ರು ಕೇಳಿದರೆ ಎಲ್ಲರಿಗಿಂತ ಮೊದಲು ಅವಳ ದನಿಯೇ ಬರುತ್ತಿತ್ತು. ಪರೀಕ್ಷೆಯಲ್ಲೂ ಆ ಪಾಠಕ್ಕೆ ಅವಳೇ ಮೊದಲು.

ನೀರು ಕುಡಿಯುವ ನೆಪದಲ್ಲಿ ನನ್ನ ಬಾಗಿಲಿಗೆ ಬರುತ್ತಿದ್ದಳು.

“ಜಾಜಾ, ಇವತ್ತು ಏನ್ ತಿಂದೆ ಗೊತ್ತಾ?”

“ಏನವ್ವಾ?”

“ಮೊದಲ್ನೇ ಪೀರಿಯಡ್ಡಲ್ಲಿ ಮೊಟ್ಟೆ. ಎರಡ್ನೇದ್ರಲ್ಲಿ ಹುರಿದ ಮೀನು. ಅಷ್ಟೊತ್ಗೆ ಬೆಲ್ ಹೊಡೆದ್ಬಿಟ್ರು, ಹಾಲು ಹಂಗೇ ಉಳೀತು. ನಾಳೆ ಕುಡೀತೀನಿ.”

ನಾನು ನಗುತ್ತಿದ್ದೆ. ಅವಳು ನಗಿಸಲೆಂದೇ ಹೇಳುತ್ತಿದ್ದಳು.

ಕಿಟಕಿ ಮುಚ್ಚಿದ ಮೇಲೆ ಒಂದು ಬೆಳಿಗ್ಗೆ ಕೈಪಂಪಿನ ಹತ್ತಿರ ಅವಳು ಮುಖ ತೊಳೆಯುತ್ತಿದ್ದಳು. ಬಗ್ಗಿದಾಗ ಅಂಗಿ ಮೇಲೆ ಸರಿಯಿತು. ಹಳೆಯ ಬಟ್ಟೆಯಿಂದ ಹರಿದ ಪಟ್ಟಿಯೊಂದನ್ನು ಸೊಂಟದಿಂದ ಪಕ್ಕೆಲುಬಿನವರೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

“ಇದೇನೇ ಇದು?”

“ಹೊಟ್ಟೆಗೆ ಬೀಗ ಕಣ್ ಜಾಜಾ. ಬಿಗಿಯಾಗಿ ಕಟ್ಟಿದ್ರೆ ಕ್ಲಾಸಲ್ಲಿ ಕೂಗಾಡಲ್ಲ. ಹೋದ್ವಾರ ಲೆಕ್ಕದ ಪೀರಿಯಡ್ಡಲ್ಲಿ ಗೊರ್ ಅಂತು, ಹುಡುಗ್ರೆಲ್ಲಾ ಕಪ್ಪೆ ಬಂತು ಕಪ್ಪೆ ಬಂತು ಅಂತ ನಕ್ರು. ಈಗ ನಾವು ಐದ್ ಜನ ಕಟ್ಕತೀವಿ.”

“ಮನೇಲಿ ಉಣ್ಣಲ್ವೇನೆ ನೀನು?”

“ಯಾಕ್ ಉಣ್ಣಲ್ಲ? ಸಂಜೆ ನಮ್ಮಮ್ಮ ಹೊಟ್ಟೆ ಬಿರಿಯೋಂಗೆ ಇಕ್ತಾಳೆ. ಮಧ್ಯಾಹ್ನ ಒಂದ್ ಹೊತ್ತೇ ಕಷ್ಟ.”

ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

*

ಜಿಲ್ಲೆಯಿಂದ ಅಧಿಕಾರಿಗಳು ಬರುತ್ತಾರೆ ಎಂದು ಸುದ್ದಿ ಬಂತು. ಹೈಸ್ಕೂಲು ಮಕ್ಕಳು ಏನು ತಿನ್ನುತ್ತಾರೆ, ದಿನಕ್ಕೆ ಎಷ್ಟು ಹೊತ್ತು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಂಡು ಹೋಗುತ್ತಾರಂತೆ. ಬಲಿಕೋವ ಮೇಷ್ಟ್ರು ಮೂರು ದಿನ ಪಾಠ ನಿಲ್ಲಿಸಿ ಮಕ್ಕಳನ್ನು ಅಂಗಳದಲ್ಲಿ ಕೂರಿಸಿದರು.

“ನಿನ್ನೆ ಬೆಳಿಗ್ಗೆ ಏನ್ ತಿಂದ್ರಿ?”

“ಹಾಲು ಹಾಕಿದ ಗಂಜಿ!”

“ಮಧ್ಯಾಹ್ನ?”

“ಮುದ್ದೆ, ಬೀನ್ಸ್, ಸೊಪ್ಪು!”

“ಸಂಜೆ?”

“ಗೆಣಸು, ಮೀನು, ಹಣ್ಣು!”

“ಹಣ್ಣು ಅನ್ನೋವಾಗ ಬಾಯಿ ಬಿಟ್ಟು ಅನ್ರಿ, ಏನ್ ಹೆಣದ ಮುಂದೆ ಕೂತಿದ್ದೀರಾ?”

ಅಧಿಕಾರಿಗಳ ಮುಂದೆ ನಿಂತು ಸ್ವಾಗತ ಹೇಳಿ, ಶಾಲೆಯ ಊಟದ ವಿಚಾರ ಒಪ್ಪಿಸಲು ಮಿರೆಂಬೆಯನ್ನೇ ಆರಿಸಿದರು. ಅವಳಷ್ಟು ತೊದಲದೆ ಹೇಳುವವರು ಬೇರೆ ಇರಲಿಲ್ಲ.

ಒಂಬತ್ತಕ್ಕೆ ಬರಬೇಕಾದ ಜೀಪು ಬಂದದ್ದು ಹನ್ನೊಂದೂವರೆಗೆ. ಅಲ್ಲಿಯವರೆಗೆ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ನಾನು ಅಧಿಕಾರಿಗಳಿಗೆಂದು ಕೊಯ್ದ ಕೋಳಿಗಳ ಪುಕ್ಕ ತರಿಯುತ್ತಾ ನೋಡುತ್ತಿದ್ದೆ. ಮಿರೆಂಬೆ ಎಲ್ಲರ ಮುಂದೆ ಒಬ್ಬಳೇ, ಕಾಗದವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಜೀಪಿನಿಂದ ಒಬ್ಬ ದಪ್ಪ ಮನುಷ್ಯ ಇಳಿದ, ಅವನ ಹಿಂದೆ ಒಂದು ಕಂತೆ ಕಾಗದ ಹಿಡಿದ ಎಳೆಯ ಹೆಂಗಸು. ಅವರು ಕುರ್ಚಿಯಲ್ಲಿ ಕೂತ ಮೇಲೆ ಮಿರೆಂಬೆ ಶುರು ಮಾಡಿದಳು. ದನಿ ಚೆನ್ನಾಗಿಯೇ ಇತ್ತು. ಸ್ವಾಗತ ಮುಗಿಸಿದಳು. ಬೆಳಗಿನ ಗಂಜಿ ಮುಗಿಸಿದಳು. “ಮಧ್ಯಾಹ್ನ ನಮ್ಮ ಶಾಲೆಯಲ್ಲಿ ಪ್ರತಿಯೊಬ್ಬರೂ” ಎಂದವಳು ನಿಂತಳು. ಮರೆತಳೆಂದುಕೊಂಡು ಬಲಿಕೋವ ಮೇಷ್ಟ್ರು ಕೂತಲ್ಲಿಂದಲೇ ತುಟಿ ಅಲ್ಲಾಡಿಸಿದರು. ಅವಳು ಇನ್ನೊಂದು ಸಲ “ಪ್ರತಿಯೊಬ್ಬರೂ” ಎಂದವಳೇ ಹಾಗೇ ಕುಸಿದಳು.

ಎಳೆಯ ಹೆಂಗಸು ಕಾಗದ ಬಿಸಾಡಿ ಓಡಿ ಬಂದಳು. ನಾನೂ ನೀರಿನ ಚೊಂಬು ಹಿಡಿದು ಓಡಿದೆ. ಉಸಿರಾಡಲೆಂದು ಅಂಗಿ ಸಡಿಲಿಸಿದರೆ ಬಿಗಿದು ಕಟ್ಟಿದ ಬಟ್ಟೆ ಕಾಣಿಸಿತು. ಹುಡುಗಿಯರ ಮೇಲ್ವಿಚಾರಣೆಯ ಲೋವಿಸಾ ಮೇಡಂ ಬಗ್ಗಿ ನೋಡಿ ಎದೆಗೆ ಕೈಯಿಟ್ಟುಕೊಂಡರು.

“ಅಯ್ಯೋ ದೇವ್ರೇ! ಹೊಟ್ಟೆ ಬಚ್ಚಿಡಕ್ಕೆ ಕಟ್ಕಂಡವ್ಳೆ!”

ಆ ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಹುಡುಗರು ಹಿಂದಿನಿಂದ ಶಿಳ್ಳೆ ಹಾಕಿದರು.

ಎಳೆಯ ಹೆಂಗಸು ನನ್ನ ಮುಖ ನೋಡಿದಳು. “ಅಮ್ಮಾ, ಅಡುಗೆಯವರಲ್ವಾ ನೀವು? ಈ ಹುಡುಗಿ ಮಧ್ಯಾಹ್ನ ಇಲ್ಲಿ ಊಟ ಮಾಡ್ತಾಳಾ?”

ಅವಳ ಭುಜದ ಹಿಂದೆ ಬಲಿಕೋವ ಮೇಷ್ಟ್ರು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ನನ್ನ ಚಾಪೆ, ನನ್ನ ಕೋಣೆ, ಅರವತ್ತರ ವಯಸ್ಸು, ಎಲ್ಲ ಒಟ್ಟಿಗೆ ನೆನಪಾದವು.

“ಇಲ್ಲಿ ಎಲ್ರೂ ಉಣ್ತಾರೆ ತಾಯೀ,” ಎಂದೆ.

ಅವಳು ಅದನ್ನು ಬರೆದುಕೊಂಡಳು.

*

ಕೋಳಿ ಉಂಡು ಜೀಪು ಹೊರಟುಹೋಯಿತು. ಗೇಟು ಮುಚ್ಚಿದ ತಕ್ಷಣ ಸೀನಿಯರ್ ಟೂ ಹುಡುಗಿಯರನ್ನೆಲ್ಲ ಸೈನ್ಸ್ ರೂಮಿಗೆ ಕರೆದರು. ನಮ್ಮಲ್ಲಿ ಹೆಂಗಸು ಗಂಡಸಿನ ಜೊತೆ ಮಂಡಿಯೂರಿ ಮಾತಾಡಬೇಕು. ನಾನು ವರಾಂಡದಲ್ಲಿ ಮೇಷ್ಟ್ರ ಮುಂದೆ ಮಂಡಿಯೂರಿದೆ.

“ಮೇಷ್ಟ್ರೇ, ಅದು ಬಸುರಲ್ಲ. ಹಸಿವು. ನಂಗೊತ್ತು.”

ಅವರು ಬಗ್ಗಿದರು. ದನಿ ತಣ್ಣಗಿತ್ತು, ಬೈಗುಳವೂ ಇರಲಿಲ್ಲ.

“ನೈಗಾಗ, ಹಸಿವು ಅಂದ್ರೆ ತಪ್ಪು ನಂದಾಗ್ತದೆ. ಬಸುರು ಅಂದ್ರೆ ತಪ್ಪು ಅವಳ್ದು. ಈ ವಯಸ್ಸಲ್ಲಿ ನಿಂಗೆ ಮಲಗಕ್ಕೊಂದು ಕೋಣೆ ಬೇಕೋ, ಬೇಡ್ವೋ?”

ನಾನು ನೆಲಕ್ಕೆ ಕೈಯೂರಿ ಎದ್ದೆ.

“ಹೋಗು, ಬಾಗ್ಲು ಹಿಡ್ಕೋ. ಯಾವಳೂ ಓಡೋಗಬಾರ್ದು.”

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗೆ ಹತ್ತೊಂಬತ್ತು ಹುಡುಗಿಯರು. ಲೋವಿಸಾ ಮೇಡಂ ಒಬ್ಬೊಬ್ಬರನ್ನೇ ಕರೆದು ಹೊಟ್ಟೆ ಅಮುಕಿ ನೋಡುತ್ತಿದ್ದರು. “ಉಸಿರು ಬಿಡೇ. ಬಿಗಿ ಹಿಡೀಬೇಡ. ನೀನೂ ಕಟ್ಕಂಡಿದ್ದೀಯಾ? ಬಿಚ್ಚು.” ಯಾರೋ ಸಣ್ಣಗೆ ಅಳುತ್ತಿದ್ದರು. ಅಂಗಳದಲ್ಲಿ ಹುಡುಗರು ಗುಂಪುಗೂಡಿ ನಿಂತು ಬಾಗಿಲನ್ನೇ ನೋಡುತ್ತಿದ್ದರು. ಒಳಗಿನಿಂದ ಒಂದು ಕೈ ಒಂದೆರಡು ಸಲ ಬಾಗಿಲನ್ನು ದೂಡಿತು. ಜೋರಾಗಿ ದೂಡಲು ಆ ಕೈಯಲ್ಲಿ ಬಲವಿರಲಿಲ್ಲ. ನಾನು ಕದಲಲಿಲ್ಲ.

ಯಾರಲ್ಲೂ ಏನೂ ಸಿಗಲಿಲ್ಲ. ಆದರೂ ಮಿರೆಂಬೆಯ ವಿಷಯಕ್ಕೆ ಲೋವಿಸಾ ಮೇಡಂ, “ಇನ್ನೂ ಎಳೇದಿರಬೇಕು, ಕೈಗೆ ಹತ್ತಲ್ಲ” ಎಂದರು. ಸ್ಕೂಲಿನಿಂದ ತೆಗೆದಿದೆ ಎಂಬ ಕಾಗದವನ್ನು ಅವಳ ಕೈಗೆ ಕೊಟ್ಟು ಮನೆಗೆ ಹೋಗೆಂದರು.

ಅವಳು ನನ್ನನ್ನು ದಾಟಿಕೊಂಡೇ ಹೊರಗೆ ಹೋಗಬೇಕಾಗಿತ್ತು. ಒಂದು ಗಳಿಗೆ ನಿಂತು ನನ್ನ ಮುಖ ನೋಡಿದಳು. ಹುಡುಗರು ಎರಡೂ ಕೈಗಳಿಂದ ಗಾಳಿಯಲ್ಲಿ ದೊಡ್ಡ ಹೊಟ್ಟೆ ಮಾಡಿ ತೋರಿಸುತ್ತಿದ್ದರು. ಅವರ ನಡುವೆ ನಡೆದುಹೋದಳು.

*

ಐದನೆಯ ದಿನ ಅವಳ ತಾಯಿ ತಪೆನೆನ್ಸಿ ಬಂದಳು. ಕಳೆ ಕೀಳುವ ಬಟ್ಟೆಯಲ್ಲೇ ಬಂದಿದ್ದಳು, ಕೈ ತುಂಬ ಕಬ್ಬಿನ ಗರಿಯ ಗೀರು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ತಂದಿದ್ದಳು. ವರಾಂಡದಲ್ಲಿ ಮಂಡಿಯೂರಿ ಎರಡೂ ಕೈಯಲ್ಲಿ ಅದನ್ನು ಚಾಚಿದಳು.

“ಬಸುರಿಲ್ಲ ಅಂತ ಬರ್ಕೊಟ್ಟವ್ರೆ ಮೇಷ್ಟ್ರೇ. ಮೈಯಲ್ಲಿ ರಕ್ತ ಇಲ್ವಂತೆ. ಅಷ್ಟೇಯ.”

ಬಲಿಕೋವ ಮೇಷ್ಟ್ರು ಚೀಟಿ ಮುಟ್ಟಲಿಲ್ಲ. “ಇವತ್ತಿಲ್ಲ ಅಂತ ಬರ್ದವ್ರೆ. ನಾಳೆಗೆ ಯಾರ್ ಜವಾಬ್ದಾರಿ? ಆ ಟ್ರಾಕ್ಟರ್ ಡ್ರೈವರ್‌ಗಳ ಹಿಂದೆ ಕಬ್ಬಿಗೆ ಓಡೋದು ನಾವು ನೋಡಿಲ್ವಾ?”

“ಹಸಿವಿಗೆ ಓಡ್ತಾಳೆ ಬುದ್ಧಿ.”

“ಎಲ್ಲಾ ಹಸಿವಿಗೇ ಓಡೋದು. ನೋಡು, ಅವ್ಳು ಬಂದವರ ಮುಂದೆ ಸ್ಕೂಲಿನ ಮಾನ ಕಳೆದ್ಲು. ಜೋಳ ತಗಂಡು ಬಾ, ತಪ್ಪಾಯ್ತು ಅಂತ ಎಲ್ಲರೆದುರಿಗೆ ಅವಳ ಕೈಲಿ ಹೇಳ್ಸು. ಆಮೇಲೆ ನೋಡಾನ.”

ತಪೆನೆನ್ಸಿ ಎದ್ದು ಮಣ್ಣು ಕೊಡವಿಕೊಂಡು ಅಡುಗೆಮನೆಗೆ ಬಂದಳು. ನಾನು ಕೂರಲು ಮಣೆ ಕೊಟ್ಟೆ. ಕೂರಲಿಲ್ಲ.

“ನೀನೇನಾ ಜಾಜಾ ಅಂದ್ರೆ?”

“ಹೂಂ ಕಣವ್ವಾ.”

“ದಿನಾ ನಿನ್ ಹೆ‍ಸ್ರು ಹೇಳ್ತಿದ್ಲು. ಮಧ್ಯಾಹ್ನ ಜಾಜಾ ನಂಗೆ ತಟ್ಟೆ ತುಂಬಾ ಇಕ್ಕುತ್ತೆ, ಸಂಜೆ ಹೊಟ್ಟೇಲಿ ಜಾಗಾನೇ ಇರಲ್ಲ ಅಂತ. ನಾನೂ ಇರೋ ಚೂರುಪಾರನ್ನ ಚಿಕ್ಕವು ಮೂರಕ್ಕೂ ಹಂಚ್ಬುಡ್ತಿದ್ದೆ. ನಮ್ಮೆಣ್ಣು ಪುಣ್ಯವಂತೆ, ಸ್ಕೂಲಲ್ಲಿ ಉಣ್ತದೆ ಅಂತ.” ಅವಳು ಗೋಡೆಗೆ ಒರಗಿದ ತಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಓದಲು ಬರುತ್ತಿರಲಿಲ್ಲವೇನೋ. “ಅವ್ಳದು ಯಾವ್ದಕ್ಕಾ ಇದ್ರಲ್ಲಿ?”

ನಾನು ಬಗ್ಗಿ ಒಲೆಗೆ ಸೌದೆ ತುರುಕಿದೆ. ಅವಳು ಇನ್ನೊಂದು ಸಲ ಕೇಳಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, “ಊರಲ್ಲೆಲ್ಲ ಬಸುರಿ ಬಸುರಿ ಅಂತ ಕೂಗ್ತಾರೆ. ಈಗ ನನ್ ಜೊತೆ ಕಳೆಗೆ ಬತ್ತಾವ್ಳೆ,” ಎಂದಳು. “ನಿಂಗಾದ್ರೂ ಗೊತ್ತಿತ್ತಲ್ಲಕ್ಕಾ.”

ಆ ಸಂಜೆ ನಾನು ಉಣ್ಣಲು ಕೂತೆ. ಮುದ್ದೆಯನ್ನು ಹಾಗೇ ಮುಚ್ಚಿಟ್ಟು ಎದ್ದೆ.

*

ಮುಂದಿನ ಬುಧವಾರ ಶಾಲೆಯ ಆಡಳಿತ ಮಂಡಳಿಯ ಸಭೆ. ಕಬ್ಬಿನ ಗುತ್ತಿಗೆದಾರರು, ಚರ್ಚಿನವರು, ಊರ ಪ್ರಮುಖರು, ಎಲ್ಲ ಸೇರಿ ಮೂವತ್ತು ಜನ. ಮಾಂಸದ ಪಲಾವು ಮಾಡೆಂದರು. ಬೆಳಗಿನಿಂದ ಮಾಡಿದೆ. ಈರುಳ್ಳಿ ಕೆಂಪಗೆ ಹುರಿದು, ಚಕ್ಕೆ ಲವಂಗ ಹಾಕಿ, ಮಾಂಸ ಮೆತ್ತಗಾಗುವವರೆಗೆ ಬೇಯಿಸಿ. ಹದಿನಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಏನನ್ನೂ ಬೇಯಿಸಿರಲಿಲ್ಲ. ವಾಸನೆ ಗಾಳಿಗೆ ಮಾವಿನ ಮರದ ಕಡೆ ಹೋಗುತ್ತಿತ್ತು.

ಮಧ್ಯಾಹ್ನದ ಗಂಟೆಯಾಯಿತು. ತಟ್ಟೆಯವರು ತಟ್ಟೆ ಹಿಡಿದು ಬಂದರು, ಅವರಿಗೆ ಮುದ್ದೆ ಇಕ್ಕಿದೆ. ಆಮೇಲೆ ಬಟ್ಟೆಯ ತುಂಡು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟು, ಮುಚ್ಚಳದ ಮೇಲೆ ಬಾಳೆಲೆಯ ಕಂತೆ ಹೇರಿ, ಅಂಚಿಗೆ ಬಟ್ಟೆ ಹಿಡಿದು ಪಲಾವಿನ ಹಂಡೆ ಹೊತ್ತು ಹೊರಗೆ ಬಂದೆ.

ವರಾಂಡದಿಂದ ಬಲಿಕೋವ ಮೇಷ್ಟ್ರು ಕೂಗಿದರು. “ಏ ನೈಗಾಗ, ಎಲ್ಲಿಗೇ? ಸಭೆ ಈ ಕಡೆ ಐತೆ!”

“ಉಣ್ಣೋರು ಆ ಕಡೆ ಅವ್ರೆ ಮೇಷ್ಟ್ರೇ.”

ನಿಂತೇ ಹೇಳಿದೆ. ತಲೆಯ ಮೇಲೆ ಹಂಡೆಯಿತ್ತು, ಮಂಡಿಯೂರುವ ಹಾಗಿರಲಿಲ್ಲ.

ಮರದ ಕೆಳಗೆ ಹಂಡೆ ಇಳಿಸಿ ಮುಚ್ಚಳ ತೆಗೆದೆ. ಬಾಳೆಲೆ ಹರಿದು ಹಾಸಿದೆ. ಒಂದು ಮಗುವೂ ಮುಂದೆ ಬರಲಿಲ್ಲ. ಎಲ್ಲರ ಕಣ್ಣೂ ಹಂಡೆಯ ಮೇಲಿತ್ತು, ಹೆಜ್ಜೆ ಮಾತ್ರ ಹಿಂದಕ್ಕೆ ಹೋಗುತ್ತಿತ್ತು.

“ಬರ್ರೋ.”

“ಹೊಡೀತಾರೆ ಜಾಜಾ.”

“ಏಟು ನಾಳೆ ಕಣ್ರೋ. ಊಟ ಇವತ್ತು.”

ಸೈನ್ಸ್ ರೂಮಿನಲ್ಲಿದ್ದ ಹುಡುಗಿಯೊಬ್ಬಳು ಮೊದಲು ಬಂದಳು. ಸೊಂಟದ ಬಟ್ಟೆಯನ್ನು ಅಲ್ಲೇ ಬಿಚ್ಚಿ ಹುಲ್ಲಿಗೆ ಎಸೆದು ಕೂತಳು. ಆಮೇಲೆ ಎಲ್ಲರೂ ಬಂದರು. ಮೇಷ್ಟ್ರು ಓಡಿ ಬಂದು, “ಬೋಳಿಮುಂಡೆ, ನಿನ್ ಹೆಣ ಎತ್ತಿಸ್ತೀನಿ!” ಎನ್ನುತ್ತಾ ಹಂಡೆಯ ಅಂಚು ಹಿಡಿದು ಎಳೆದರು. ಅದು ಕೆಂಡದ ಮೇಲಿಂದ ಆಗಷ್ಟೇ ಇಳಿದದ್ದು. ಕೈ ಕೊಡವಿಕೊಂಡು ಹಿಂದೆ ಸರಿದರು. ವರಾಂಡದಲ್ಲಿ ಸಭೆಯ ಮೂವತ್ತು ಜನ ಎದ್ದು ನಿಂತು ನೋಡುತ್ತಿದ್ದರು. ಅವರ ಮುಂದೆ ಮಕ್ಕಳ ಕೈಯಿಂದ ಎಲೆ ಕಿತ್ತುಕೊಳ್ಳಲು ಮೇಷ್ಟ್ರಿಗಾಗಲಿಲ್ಲ. “ಪೊಲೀಸ್ರಿಗೆ ಫೋನ್ ಮಾಡ್ತೀನಿ, ಕಳ್ಳಿ!” ಎಂದು ಆಫೀಸಿನ ಕಡೆ ಓಡಿದರು.

ಒಬ್ಬೊಬ್ಬರಿಗೂ ಎರಡೆರಡು ಹಿಡಿ ಬಂತು. ಅರ್ಧ ಹಂಡೆಗೆ ಮುಚ್ಚಳ ಹಾಕಿ, ಮಿಕ್ಕ ಎಲೆಗಳನ್ನು ಮೇಲಿಟ್ಟು ಮತ್ತೆ ತಲೆಗೇರಿಸಿದೆ. ಗೇಟಿನ ಕಾವಲುಗಾರ ನನ್ನನ್ನು ನೋಡಿ, ಗೇಟು ತೆರೆದು, ಆಕಾಶ ನೋಡುತ್ತಾ ನಿಂತ.

*

ಒಂದು ಗಂಟೆಯ ದಾರಿ. ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ಟ್ರಾಕ್ಟರಿನ ಗಾಲಿ ಕೊರೆದ ಕೆಂಪು ಮಣ್ಣು. ಕುತ್ತಿಗೆ ಸೆಳೆಯುತ್ತಿತ್ತು. ಎಲ್ಲಿಯೂ ಇಳಿಸಲಿಲ್ಲ.

ಕಟಾವಾದ ಮೇಲೆ ಮತ್ತೆ ಚಿಗುರಿದ ಕೂಳೆ ಕಬ್ಬಿನ ಹೊಲದಲ್ಲಿ ಹದಿಮೂರು ಹೆಂಗಸರು ಸಾಲು ಹಿಡಿದು ಗುದ್ದಲಿ ಹಾಕುತ್ತಿದ್ದರು. ಕೊನೆಯ ಸಾಲಿನಲ್ಲಿ ಮಿರೆಂಬೆ. ಸ್ಕೂಲಿನ ನೀಲಿ ಲಂಗ, ಮೇಲೆ ಗಂಡಸಿನ ಅಂಗಿ, ಅಪ್ಪ ಬಿಟ್ಟುಹೋದದ್ದಿರಬೇಕು.

ಮೇಸ್ತ್ರಿ ಅಡ್ಡ ಬಂದ. “ಏ ಮುದ್ಕಿ, ಏನಿದು ಸಂತೆ? ಕೆಲ್ಸದ ಹೊತ್ತು!”

“ಊಟದ ಹೊತ್ತು ಕಣಪ್ಪಾ. ನೆರಳು ಆಗ್ಲೇ ಆ ಕಡೆ ವಾಲೈತೆ ನೋಡ್ಕೊ.”

ಸಾಲಿನ ನಡುವೆ ಹಂಡೆ ಇಳಿಸಿ ಮುಚ್ಚಳ ತೆಗೆದೆ. ಹೆಂಗಸರು ತಲೆ ಎತ್ತಿದರು. ತಪೆನೆನ್ಸಿ ಗುದ್ದಲಿ ಕೆಳಗಿಟ್ಟಳು, ಅವಳ ಹಿಂದೆ ಉಳಿದವರು. ಮೇಸ್ತ್ರಿ ಕೂಗಾಡಿದ, ಅರ್ಧ ಕೂಲಿ ಅಂದ, ಕೂಲಿಯೇ ಇಲ್ಲ ಅಂದ. ಆಮೇಲೆ ಮಾಂಸದ ವಾಸನೆಗೆ ಅವನೂ ಸ್ವಲ್ಪ ಸುಮ್ಮನಾದ.

ಮಿರೆಂಬೆ ಮಾತ್ರ ಗುದ್ದಲಿ ನಿಲ್ಲಿಸಲಿಲ್ಲ.

“ಬಾ ಮಗಾ. ನಿಂಗಂತ್ಲೇ ತಂದಿದ್ದು.”

ಗುದ್ದಲಿ ಎರಡು ಸಲ ಮಣ್ಣಿಗೆ ಬಿತ್ತು.

“ಅವತ್ತು ಬಾಗ್ಲು ಹಿಡ್ಕಂಡಿದ್ದು ನೀನೇ ಅಲ್ವಾ ಜಾಜಾ?”

“ಹೂಂ. ನಾನೇ.”

“ಎಲ್ರೂ ಉಣ್ತಾರೆ ಅಂತ ಆ ಮೇಡಂಗೆ ಹೇಳಿದ್ದೂ ನೀನೇಯ. ನಂಗೆ ಎಚ್ಚರ ಇತ್ತು. ಕಣ್ ಬಿಡಕ್ಕೆ ಆಗ್ತಿರ್ಲಿಲ್ಲ, ಅಷ್ಟೆ. ಕೇಳಿಸ್ತು.”

“ಹೂಂ.”

ಅವಳ ತಾಯಿ ಊಟದ ಕೈಯನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. ಹೆಂಗಸರೆಲ್ಲ ನೋಡಿದರು.

“ಸ್ಕೂಲಿಗ್ ಬಾ ಅನ್ನಕ್ಕೆ ಬಂದ್ಯಾ?”

“ಇಲ್ಲವ್ವಾ. ಅದನ್ನ ಹೇಳಕ್ಕೆ ನಂಗ್ಯಾವ ಬಾಯಿ ಐತೆ? ಉಣ್ಣು ಅನ್ನಕ್ಕೆ ಬಂದೆ.”

ಅವಳು ಗುದ್ದಲಿಯ ಕಾವಿನ ಮೇಲೆ ಗಲ್ಲವಿಟ್ಟು ನಿಂತಳು. ಆಮೇಲೆ ಬಂದು ಒಂದು ಎಲೆ ತೆಗೆದುಕೊಂಡು ಮುಂದೆ ಹಿಡಿದಳು. ಬಡಿಸಿದೆ. ನನ್ನ ಕಡೆ ಬೆನ್ನು ಮಾಡಿ ಮಣ್ಣಿನ ಮೇಲೆ ಕೂತಳು.

ಮೊದಲ ತುತ್ತಿಗೇ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಎಷ್ಟೋ ದಿನಗಳಿಂದ ಖಾಲಿಯಿದ್ದ ಹೊಟ್ಟೆಗೆ ಅನ್ನ ಬಿದ್ದರೆ ಹಿಂಡುತ್ತದೆ. ನೋವು ಹೋಗುವವರೆಗೆ ಕಾದಳು. ಎರಡನೆಯ ತುತ್ತು ತೆಗೆದುಕೊಂಡಳು. ದೊಗಲೆ ಅಂಗಿಯ ಒಳಗೆ ಅವಳ ಬೆನ್ನಿನ ಎರಡು ಮೂಳೆಗಳು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು.

ದೂರದಲ್ಲಿ ಮೋಟಾರ್ ಬೈಕುಗಳ ಸದ್ದು ಕೇಳಿಸಿತು. ಒಂದಲ್ಲ, ಎರಡು. ಕಬ್ಬಿನ ನಡುವಿನ ದಾರಿಗೆ ತಿರುಗಿದ್ದೂ ಗೊತ್ತಾಯಿತು. ಹೆಂಗಸರು ಕೈ ಒರೆಸಿಕೊಂಡು ಎದ್ದರು. ತಪೆನೆನ್ಸಿ, “ಅಕ್ಕಾ, ಓಡು. ಕಬ್ಬಿನೊಳಗೆ ನುಗ್ಗು,” ಎಂದಳು.

ನಾನು ಸೌಟು ಹಿಡಿದು ಕೂತೇ ಇದ್ದೆ.

ಮಿರೆಂಬೆಗೂ ಆ ಸದ್ದು ಕೇಳಿಸಿರಬೇಕು. ತಿರುಗಿ ನೋಡಲಿಲ್ಲ. ಕೂತಲ್ಲಿಂದಲೇ, ಬೆನ್ನು ತಿರುಗಿಸದೆ, ಖಾಲಿ ಎಲೆಯನ್ನು ಹಿಂದಕ್ಕೆ ನನ್ನ ಕಡೆ ಚಾಚಿದಳು.

ಬಡಿಸಿದೆ.